ಅಕ್ಕಿ ಡಬ್ಬದೊಳಗಿನ ಫೋನ್

(ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಮನೆಯವರ ಒಪ್ಪಿಗೆ ಇದೆ.)

"ಅಮ್ಮಂಗೆ ಮರೆವು ಶುರುವಾಗಿದೆ ಮೇಡಂ. ಫೋನನ್ನ ಅಕ್ಕಿ ಡಬ್ಬದಲ್ಲಿ ಇಟ್ಟಿದ್ರು."

ಮಗ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಹೇಳಿದ ಮಾತು ಇದು. ಪಕ್ಕದಲ್ಲಿ ಅಮ್ಮ ಕೂತಿದ್ದರು. 71 ವರ್ಷ. ಅವರನ್ನು ಇಲ್ಲಿ ಸರೋಜಮ್ಮ ಅಂತ ಕರೆಯುತ್ತೇನೆ. ಗಂಡ ತೀರಿಕೊಂಡು ಎರಡು ವರ್ಷ. ಆಮೇಲೆ ಊರಿನ ಮನೆಗೆ ಬೀಗ ಹಾಕಿ ಮಗ ಸೊಸೆ ಜೊತೆ ಬಂದು ಇದ್ದಾರೆ.

ಮಗನ ದೂರು ಉದ್ದವಿತ್ತು. ಫೋನ್ ಚಾರ್ಜಿಗೆ ಹಾಕಲ್ಲ. ಹಾಕಿಕೊಟ್ಟರೂ ಬಂದ ಕಾಲ್ ತೆಗೆಯಲ್ಲ. ಒಂದೇ ವಿಷಯ ಹತ್ತು ಸಲ ಕೇಳ್ತಾರೆ. ಇದ್ದ ಆ್ಯಪ್ ಎಲ್ಲ ಅಳಿಸಿ ಹಾಕ್ತಾರೆ, ಕೇಳಿದರೆ "ನಾನೇನೂ ಮಾಡ್ಲಿಲ್ಲ" ಅಂತಾರೆ. ಈಗ ಅಕ್ಕಿ ಡಬ್ಬ. ನೆಟ್‌ನಲ್ಲಿ ಓದಿಕೊಂಡು ಬಂದಿದ್ದ, ಹೆದರಿದ್ದ. ಸರೋಜಮ್ಮ ಅಷ್ಟು ಹೊತ್ತೂ ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು, ಬೇರೆ ಯಾರದೋ ವಿಷಯ ಅನ್ನೋ ಹಾಗೆ.

ನಾನು ಸಲಹೆ ಕೊಡುವವಳು, ಡಾಕ್ಟರ್ ಅಲ್ಲ. ಮರೆವು ಅಂತ ಬಂದವರನ್ನು ಮೊದಲು ವೈದ್ಯರ ಹತ್ತಿರ ಕಳಿಸುತ್ತೇನೆ. ಬಿ12 ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ, ಕಿವಿ ಮಂದವಾದರೆ, ಮನಸ್ಸು ಕುಗ್ಗಿದರೆ, ಎಲ್ಲವೂ ಹೊರಗಿನಿಂದ ಮರೆವಿನ ಥರಾನೇ ಕಾಣುತ್ತವೆ. ಎರಡು ವಾರದಲ್ಲಿ ರಿಪೋರ್ಟ್ ಬಂತು. ಬಿ12 ಸ್ವಲ್ಪ ಕಡಿಮೆ, ಮಾತ್ರೆ ಬರೆದಿದ್ದರು. ಎರಡೂ ಕಣ್ಣಿಗೆ ಪೊರೆ, ಬಲಗಣ್ಣಿಗೆ ಜಾಸ್ತಿ. ನೆನಪಿನ ಪರೀಕ್ಷೆಯಲ್ಲಿ ವಯಸ್ಸಿಗೆ ತಕ್ಕ ಹಾಗೇ ಇದ್ದರು. ನನಗೂ ಒಳಗೊಳಗೇ ಅನ್ನಿಸಿತ್ತು. ಗ್ಯಾಸ್ ಸಿಲಿಂಡರ್ ಬದಲಿಸಿದ ತಾರೀಖು, ಹಾಲಿನವನ ಬಾಕಿ, ಮೊಮ್ಮಗಳ ಪರೀಕ್ಷೆಯ ಟೈಮ್‌ಟೇಬಲ್ ಎಲ್ಲ ಅವರ ಬಾಯಲ್ಲೇ ಇತ್ತು. ಫೋನ್ ವಿಷಯಕ್ಕೆ ಮಾತ್ರ ಬರುತ್ತಿದ್ದ ಮರೆವು ಅದು.

ಎರಡನೇ ಭೇಟಿಯಲ್ಲಿ ಮಗನನ್ನು ಹೊರಗೆ ಕೂರಿಸಿದೆ. ಫೋನ್ ಸುದ್ದಿ ಎತ್ತಲಿಲ್ಲ. "ಕೆಲಸ ಎಲ್ಲಿ ಮಾಡ್ತಿದ್ರಿ ಅಮ್ಮ?" ಅಂದೆ.

"ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ. ಆಪರೇಟರ್."

ಪೇಪರಿನಲ್ಲಿ ಬರೀ 'ಪಿಂಚಣಿದಾರರು' ಅಂತಿತ್ತು. ಮಗನಿಗೆ ಇದು ಹೇಳಬೇಕಾದ ವಿಷಯ ಅಂತ ಅನ್ನಿಸಿಯೇ ಇರಲಿಲ್ಲ.

ಮುಂದಿನ ಮುಕ್ಕಾಲು ಗಂಟೆ ಅವರೇ ಮಾತಾಡಿದರು. 1975ರಲ್ಲಿ ಸೇರಿದ್ದು, ಇಪ್ಪತ್ತೊಂದನೇ ವಯಸ್ಸಿಗೆ. ತಲೆಗೆ ಹೆಡ್‌ಸೆಟ್, ಎದುರಿಗೆ ದೂರದ ಊರಿನ ಕಾಲ್ ಜೋಡಿಸುವ ಟ್ರಂಕ್ ಬೋರ್ಡ್, ಕೈಯಲ್ಲಿ ವೈರಿನ ತುದಿಯ ಪ್ಲಗ್. ಎಷ್ಟು ತುರ್ತು ಅನ್ನೋದರ ಮೇಲೆ ಆರ್ಡಿನರಿ, ಅರ್ಜೆಂಟ್, ಎಲ್ಲಕ್ಕಿಂತ ತುರ್ತಿನ ಲೈಟ್ನಿಂಗ್ ಅಂತ ಕಾಲ್‌ಗಳು. ಇಂಥವರೇ ಬಂದು ಮಾತಾಡಬೇಕು ಅಂದರೆ ಪಿಪಿ ಕಾಲ್. ಪ್ರತಿಯೊಂದಕ್ಕೂ ಟಿಕೆಟ್ ಬರೆಯಬೇಕು, ಮೂರು ನಿಮಿಷ ಆದ ತಕ್ಷಣ ನಡುವೆ ಬಂದು ಎಚ್ಚರಿಸಬೇಕು. ರಾತ್ರಿ ಪಾಳಿಯಲ್ಲಿ ಬರುತ್ತಿದ್ದ ಲೈಟ್ನಿಂಗ್ ಕಾಲ್ ಬಹುತೇಕ ಸಾವಿನ ಸುದ್ದಿ. "ಆ ಕಡೆಯವರು ಅಳೋಕೆ ಶುರು ಮಾಡಿದ್ರೆ ನಾನು ಮೂರು ನಿಮಿಷ ಎಣಿಸ್ತಿರ್ಲಿಲ್ಲ" ಅಂದರು. ಬೇರೆ ಊರಿಗೆ ಜನರೇ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಬಂದ ಮೇಲೆ ಟ್ರಂಕ್ ಬುಕಿಂಗಿನ 180 ಸುಮ್ಮನಾಯಿತು. ಅವರನ್ನು 197ಕ್ಕೆ, ಅಂದರೆ ನಂಬರ್ ಹುಡುಕಿಕೊಡುವ ಕಡೆ ಹಾಕಿದರು. 2000ದಲ್ಲಿ ಇಲಾಖೆಯ ಫೋನ್ ಸೇವೆ ಬಿಎಸ್‌ಎನ್‌ಎಲ್ ಕಂಪನಿಗೆ ಹೋಯಿತು. 2014ರಲ್ಲಿ ನಿವೃತ್ತಿ.

ಮಾತಿನ ನಡುವೆ ಒಂದು ವಿಷಯ ಬಂತು. ಎಲೆಕ್ಟ್ರಾನಿಕ್ ಎಕ್ಸ್‌ಚೇಂಜ್ ಬಂದಾಗ ಇಲಾಖೆ ಅವರಿಗೆ ವಾರಗಟ್ಟಲೆ ತರಬೇತಿ ಕೊಟ್ಟಿತ್ತಂತೆ. ಪುಸ್ತಕ ಕೊಟ್ಟು, ತಪ್ಪು ಮಾಡಲು ಬಿಟ್ಟು, ಮತ್ತೆ ಮಾಡಿಸಿ. ಈ ಸ್ಮಾರ್ಟ್‌ಫೋನ್ ಬಂದಾಗ?

"ಮಗ ಹತ್ತು ನಿಮಿಷ ತೋರಿಸ್ದ. ಆಫೀಸಿಗೆ ಲೇಟಾಗ್ತಿತ್ತು ಅವ್ನಿಗೆ."

ಅಕ್ಕಿ ಡಬ್ಬದ ಕಥೆ ಹೊರಗೆ ಬಂದದ್ದು ಆಮೇಲೆ. ಮಳೆಗಾಲದ ಒಂದು ಮಧ್ಯಾಹ್ನ, ಮನೆಯಲ್ಲಿ ಒಬ್ಬರೇ. ಫೋನ್ ಬಂತು. ನಿಮ್ಮ ನಂಬರ್ ಎರಡು ಗಂಟೆಯಲ್ಲಿ ಬಂದ್ ಆಗುತ್ತೆ, 9 ಒತ್ತಿ ಅಂತ ಒಂದು ರೆಕಾರ್ಡ್ ಮಾಡಿದ ದನಿ. ಒತ್ತಿದರು. ಟೆಲಿಕಾಂ ಇಲಾಖೆ ಅಂತ ಹೇಳಿಕೊಂಡ ಒಬ್ಬ ಹಿಂದಿಯಲ್ಲಿ ಮಾತಾಡಿದ. "ನಮ್ಮ ಇಲಾಖೆ ಅಲ್ವಾ ಮೇಡಂ, ನಮ್ಮವ್ರೇ ಸುಳ್ಳು ಹೇಳ್ತಾರಾ ಅಂದ್ಕೊಂಡೆ." ಹೆಸರು, ಆಧಾರ್ ನಂಬರ್, ಪಿಂಚಣಿ ಬರುವ ಬ್ಯಾಂಕು ಎಲ್ಲ ಹೇಳಿದರು. ಆಮೇಲೆ ವಿಡಿಯೋ ಕಾಲ್. ಯೂನಿಫಾರ್ಮ್ ಹಾಕಿದವನೊಬ್ಬ. ನಿಮ್ಮ ಆಧಾರ್ ಮೇಲೆ ಕೇಸಾಗಿದೆ, ರೂಮು ಬಿಟ್ಟು ಏಳಬೇಡಿ, ಯಾರಿಗೂ ಹೇಳಬೇಡಿ ಅಂದ. ನಲವತ್ತು ನಿಮಿಷ ಕೂತಿದ್ದರು. ಒಲೆಯ ಮೇಲೆ ಹಾಲು ಉಕ್ಕಿ ಸೀದುಹೋದ ವಾಸನೆ ಬಂದರೂ ಏಳಲಿಲ್ಲ.

ಅಷ್ಟರಲ್ಲಿ ಫೋನಿನ ಚಾರ್ಜ್ ಮುಗಿದು ಆರಿಹೋಯಿತು.

ಅದನ್ನು ಎತ್ತಿಕೊಂಡು ಹೋಗಿ ಅಕ್ಕಿಯೊಳಗೆ ಹೂತು ಮುಚ್ಚಳ ಹಾಕಿದರು. ಚಾರ್ಜಿಗೆ ಹಾಕಿದರೆ ಅವನು ಮತ್ತೆ ಬರುತ್ತಾನಲ್ಲ?

ಮಗ 'ಮರೆವು' ಅಂತ ಬರೆಸಿದ್ದ ದೂರುಗಳಲ್ಲಿ ಅರ್ಧಕ್ಕರ್ಧ ಇಲ್ಲಿಗೇ ಬಗೆಹರಿದವು. ಮನೆಯಲ್ಲಿ ಯಾಕೆ ಹೇಳಲಿಲ್ಲ ಅಂದರೆ, "ಇಷ್ಟು ವರ್ಷ ಫೋನಲ್ಲೇ ಕೆಲಸ ಮಾಡಿ ನೀನೇ ಮೋಸ ಹೋದ್ಯಾ ಅಂತಾನೆ" ಅಂದರು.

ಅವರ ಒಪ್ಪಿಗೆ ಪಡೆದು ಮಗನನ್ನು ಒಳಗೆ ಕರೆದೆ. ಅವರೇ ಹೇಳಿದರು. ಅವನು ಬೈಯಲಿಲ್ಲ. ಬಾಯಿ ತೆರೆದ, ಮತ್ತೆ ಮುಚ್ಚಿದ. ನಾನು ಹೇಳಿದ್ದು ಇಷ್ಟು: ಹೀಗೆ ವಿಡಿಯೋ ಕಾಲ್‌ನಲ್ಲೇ ಹೆದರಿಸಿ ಕೂರಿಸುವ 'ಡಿಜಿಟಲ್ ಅರೆಸ್ಟ್' ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಇದನ್ನು ಹೇಳಬೇಕಾಗಿ ಬಂತು, ಅಂದರೆ ಎಷ್ಟು ಜನ ಸಿಕ್ಕಿಬಿದ್ದಿರಬೇಕು ನೋಡಿ. ಓದಿದವರು, ದೊಡ್ಡ ಹುದ್ದೆಯಲ್ಲಿದ್ದವರೂ ಸಿಕ್ಕಿಬಿದ್ದಿದ್ದಾರೆ. ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತೆಗೆಸಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಗಂಟೆಗಳ ಲೆಕ್ಕ ಅದು. ದುಡ್ಡು ಹೋಗದಿದ್ದರೂ ಅಂಥ ಕಾಲ್ ಬಗ್ಗೆ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ 'ಚಕ್ಷು' ಅನ್ನೋ ಕಡೆ ತಿಳಿಸಬಹುದು. ಆಧಾರ್ ನಂಬರ್ ಹೇಳಿಬಿಟ್ಟಿರುವುದರಿಂದ ಬೆರಳಚ್ಚು, ಕಣ್ಣಿನ ಗುರುತನ್ನು ಆಧಾರ್ ಆ್ಯಪ್‌ನಲ್ಲಿ ಲಾಕ್ ಮಾಡಿ, ಬೇಕಾದಾಗ ಮಾತ್ರ ತೆಗೆಯಿರಿ. ಪುಣ್ಯಕ್ಕೆ ಖಾತೆಯಿಂದ ಒಂದು ರೂಪಾಯಿಯೂ ಹೋಗಿರಲಿಲ್ಲ. ಬ್ಯಾಂಕಿನಲ್ಲಿ ಇನ್ನೊಂದು ವಿಷಯ ಗೊತ್ತಾಯಿತು. ಖಾತೆಗೆ ಜೋಡಿಸಿದ್ದ ಮೊಬೈಲ್ ನಂಬರ್ ಇವತ್ತಿಗೂ ತೀರಿಕೊಂಡ ಗಂಡನದೇ. ಓಟಿಪಿ ಎಲ್ಲ ಬೀರುವಿನಲ್ಲಿದ್ದ ಆ ಫೋನಿಗೆ ಹೋಗುತ್ತಿತ್ತು. "ಓಟಿಪಿ ಬಂತಾ ಅಂತ ಕೇಳಿದ್ರೆ ಅಮ್ಮ ಬ್ಲ್ಯಾಂಕ್ ಆಗಿ ನೋಡ್ತಾರೆ" ಅಂತ ಮಗ ಮೊದಲ ದಿನ ಹೇಳಿದ್ದ. ಬರದಿದ್ದ ಓಟಿಪಿಯನ್ನು ಅವರು ಎಲ್ಲಿಂದ ತರಬೇಕಿತ್ತು?

ಇನ್ನು ಆ್ಯಪ್ ಅಳಿಸಿಹೋಗುವ ವಿಷಯ. ಮೂರನೇ ಭೇಟಿಗೆ ಫೋನ್ ತರಲು ಹೇಳಿದ್ದೆ. ಸರೋಜಮ್ಮ ಒಂದು ಕಡೆ ಸಿಕ್ಕಿಹಾಕಿಕೊಂಡರು. ನಾನು ಸಹಜವಾಗಿ ಕೈ ಚಾಚಿ "ಕೊಡಿ ಅಮ್ಮ, ತೋರಿಸ್ತೀನಿ" ಅಂದೆ. ಅವರು ಕೊಟ್ಟರು. ಕೊಟ್ಟು ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡಿದರು. ಮೊದಲ ದಿನ ಸೆರಗು ಸುತ್ತುತ್ತಾ ಕೂತಿದ್ದರಲ್ಲ, ಅದೇ ಮುಖ. ಮಗ ಮನೆಯಲ್ಲಿ ದಿನಾ ಮಾಡುವುದನ್ನು ನಾನು ಫೀಸು ತೆಗೆದುಕೊಂಡು ಮಾಡುತ್ತಿದ್ದೆ. ಫೋನ್ ವಾಪಸ್ ಕೊಟ್ಟು, ನೀವೇ ಮಾಡಿ, ನಾನು ನೋಡ್ತೀನಿ ಅಂದೆ.

ನೋಡಿದರೆ ಅವರ ಬೆರಳಿನಲ್ಲೇ ಇತ್ತು ವಿಷಯ. ಹೆಬ್ಬೆರಳನ್ನು ಚಿತ್ರದ ಮೇಲಿಟ್ಟು ಬಲವಾಗಿ ಒತ್ತಿ, ಹಾಗೇ ಹಿಡಿದರು. ಟ್ರಂಕ್ ಬೋರ್ಡಿನಲ್ಲಿ ಪ್ಲಗ್ ಕೂರಬೇಕಾದರೆ ಹಾಗೇ ಒತ್ತಬೇಕಿತ್ತು. ಸ್ಮಾರ್ಟ್‌ಫೋನಿಗೆ ಅದರ ಅರ್ಥವೇ ಬೇರೆ. ಒತ್ತಿ ಹಿಡಿದರೆ ಆ್ಯಪ್ ತೆರೆಯುವುದಿಲ್ಲ, 'ತೆಗೆದುಹಾಕು' ಅನ್ನೋದೂ ಇರುವ ಸಣ್ಣ ಪಟ್ಟಿ ಬರುತ್ತದೆ. ಪೊರೆ ಬಂದ ಕಣ್ಣಿಗೆ ಆ ಸಣ್ಣ ಅಕ್ಷರ ಕಾಣಲ್ಲ, ಎದುರಿಗೆ ಬಂದದ್ದನ್ನು ಒತ್ತುತ್ತಾರೆ, ಆ್ಯಪ್ ಹೋಗುತ್ತದೆ. ಜೊತೆಗೆ ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ. ಪರದೆಗೆ ಕೆಲವೊಮ್ಮೆ ಬೆರಳು ತಾಗಿದ್ದೇ ಗೊತ್ತಾಗುವುದಿಲ್ಲ, ಅದಕ್ಕೇ ಇನ್ನೂ ಜೋರಾಗಿ ಒತ್ತುತ್ತಾರೆ. ನಾನೇನೂ ಅಳಿಸಲಿಲ್ಲ ಅಂತ ಅವರು ಹೇಳುತ್ತಿದ್ದದ್ದು ಅವರ ಲೆಕ್ಕಕ್ಕೆ ನಿಜವೇ.

ಸೆಟ್ಟಿಂಗ್ಸಿನಲ್ಲಿ, ಆಕ್ಸೆಸಿಬಿಲಿಟಿ ಅನ್ನೋ ಕಡೆ, ಎಷ್ಟು ಹೊತ್ತು ಒತ್ತಿದರೆ 'ಒತ್ತಿ ಹಿಡಿದದ್ದು' ಅಂತ ಲೆಕ್ಕ ಅನ್ನೋದನ್ನು ಬದಲಿಸಬಹುದು. ಅದನ್ನು ಜಾಸ್ತಿ ಮಾಡಿಸಿದೆ. ಅಕ್ಷರ ದೊಡ್ಡದು ಮಾಡಿಸಿದೆ. ಮೊದಲ ಪರದೆಯಲ್ಲಿ ನಾಲ್ಕೇ ಚಿತ್ರ ಇಟ್ಟೆವು. ಎಲ್ಲವನ್ನೂ ಅವರ ಬೆರಳಿನಿಂದಲೇ. "ಒತ್ತಬೇಡಿ ಅಮ್ಮ, ರೊಟ್ಟಿ ಬೆಂದಿದ್ಯಾ ಅಂತ ಮುಟ್ಟಿ ನೋಡ್ತೀರಲ್ಲ, ಹಾಗೆ" ಅಂದೆ. ಎರಡನೇ ಸಲಕ್ಕೇ ಬಂತು.

ಮಗನಿಗೆ ಕೊಟ್ಟ ಸಲಹೆ ಕೇಳಿ ಅವನಿಗೆ ನಗು ಬಂತು. ಅಮ್ಮ ಫೋನ್ ಬಳಸುವಾಗ ಪಕ್ಕದಲ್ಲಿ ಕೂತ್ಕೊಳ್ಳಿ, ನಿಮ್ಮ ಎರಡೂ ಕೈಯನ್ನ ತೊಡೆ ಕೆಳಗೆ ಇಟ್ಕೊಳ್ಳಿ ಅಂದೆ. ತಮಾಷೆಗಲ್ಲ. ಅಲ್ಲೇ ಮಾಡಿಸಿದೆ. ಸರೋಜಮ್ಮ ಒಂದು ವಾಯ್ಸ್ ಮೆಸೇಜ್ ಕಳಿಸಲು ಹನ್ನೊಂದು ನಿಮಿಷ ತೆಗೆದುಕೊಂಡರು. ಆ ಹನ್ನೊಂದು ನಿಮಿಷದಲ್ಲಿ ಅವನ ಭುಜ ನಾಲ್ಕೈದು ಸಲ ಮುಂದೆ ಬಂತು. ಇನ್ನೊಂದು: "ನಿನ್ನೆ ತಾನೇ ಹೇಳ್ಕೊಟ್ಟೆ" ಅನ್ನೋ ಮಾತು ಮನೆಯಲ್ಲಿ ಬೇಡ. ಈ ವಯಸ್ಸಿನಲ್ಲಿ ಹೊಸ ಕೆಲಸವನ್ನು ಕೈ ಕಲಿಯಬೇಕು. ಕಿವಿಯಲ್ಲಿ ಕೇಳಿದ್ದು ಕೈಗೆ ಬರಲು ಸಮಯ ಹಿಡಿಯುತ್ತದೆ. ಕಾರು ಬಿಡುವುದನ್ನು ನೀವು ಪಕ್ಕದ ಸೀಟಿನಲ್ಲಿ ಕೂತು ಕಲಿತ್ರಾ ಅಂತ ಕೇಳಿದೆ.

ಸರೋಜಮ್ಮನಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ಮಗ ಅದರಲ್ಲಿ ಬರೆಯುವಂತಿಲ್ಲ. ಅವರು ಬರೆದುಕೊಂಡದ್ದು ಹೀಗಿತ್ತು: "ಹಸಿರು ಬಣ್ಣದ ಒಳಗೆ ಬಿಳಿ ಫೋನು. ಮುಟ್ಟು. ಪದ್ದು ಮುಖ ಬರುತ್ತೆ. ಮುಟ್ಟು. ಕೆಳಗೆ ಬಲಕ್ಕೆ ಮೈಕು. ಹಿಡಿ, ಮಾತಾಡು, ಬಿಡು." ಇಲ್ಲಿ ಮಾತ್ರ ಹಿಡಿಯಬೇಕು ಅನ್ನೋದಕ್ಕೆ ಅಡಿಗೆರೆ ಎಳೆದಿದ್ದರು. ಪೆನ್ಸಿಲಿನಲ್ಲೇ ಬರೆಯಿರಿ ಅಂದಿದ್ದೆ. ಯಾಕಂದರೆ ಆರು ತಿಂಗಳಿಗೊಮ್ಮೆ ಅಪ್‌ಡೇಟ್ ಅಂತ ಬಂದು ಬಟನ್ನಿನ ಜಾಗವೇ ಬದಲಾಗಿರುತ್ತದೆ. ನನಗೇ ರೇಗುತ್ತದೆ.

ಏನೇನು ಕಲಿಯಬೇಕು ಅನ್ನೋ ಪಟ್ಟಿ ಮಗನ ಹತ್ತಿರ ಇತ್ತು. ಹದಿನಾಲ್ಕು ಐಟಂ. ಅದನ್ನು ಪಕ್ಕಕ್ಕಿಟ್ಟು ಅವರನ್ನೇ ಕೇಳಿದೆ. ಮೂರು ಹೇಳಿದರು. ಜೊತೆಗೆ ಕೆಲಸ ಮಾಡಿದ ಇಬ್ಬರು ಗೆಳತಿಯರಿಗೆ ದನಿ ಕಳಿಸಬೇಕು, ಪಿಂಚಣಿ ಬಂದ ಮೆಸೇಜ್ ತಾವೇ ಓದಬೇಕು, ಆ ಯೂನಿಫಾರ್ಮಿನವನಂಥವನು ಮತ್ತೆ ಫೋನ್ ಮಾಡಿದರೆ ಏನನ್ನಬೇಕು ಅಂತ ಗೊತ್ತಿರಬೇಕು.

ಮೂರನೆಯದನ್ನು ನಾಟಕದ ಹಾಗೆ ಅಭ್ಯಾಸ ಮಾಡಿಸಿದೆ. ನಾನು ಪೊಲೀಸ್. "ಲೈನ್ ಕಟ್ ಮಾಡಿದರೆ ಅರೆಸ್ಟ್!" ಮೊದಲ ಸಲ ಅವರ ದನಿ ನಡುಗಿತು. ನಾಲ್ಕನೇ ಸಲಕ್ಕೆ ಒಳಗಿದ್ದ ಹಳೇ ಆಪರೇಟರ್ ಹೊರಗೆ ಬಂದರು. "ನಿಮ್ಮ ಹೆಸರು ಹೇಳಿ, ಸ್ಟೇಷನ್ ಹೇಳಿ, ನಂಬರ್ ಹೇಳಿ. ನಾನು ವಿಚಾರಿಸಿ ನಾನೇ ಕಾಲ್ ಮಾಡ್ತೀನಿ. ಲೈನ್ ಬಿಡ್ತಿದೀನಿ." ಅಂದು ಕಟ್. ಹೊರಗೆ ಕೂತಿದ್ದವರಿಗೂ ಕೇಳಿಸಿರಬೇಕು.

ಪಿಂಚಣಿದಾರರು ಬದುಕಿದ್ದಾರೆ ಅಂತ ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರದ ಗಾಯವೊಂದು ಇತ್ತು. ಕಳೆದ ನವೆಂಬರ್‌ನಲ್ಲಿ ಒಂದು ಕೌಂಟರಿನಲ್ಲಿ ಹೆಬ್ಬೆಟ್ಟು ಓದಲೇ ಇಲ್ಲ. ಹಿಂದೆ ಕ್ಯೂ. "ಒತ್ತಿ ಅಜ್ಜಿ, ಸರಿಯಾಗಿ ಒತ್ತಿ" ಅಂತ ಹುಡುಗ. ಏಳು ಸಲ ಆದ ಮೇಲೆ ವಾಪಸ್ ಕಳಿಸಿದ್ದರು. "ನಾನು ಬದುಕಿಲ್ಲ ಅಂತು ಆ ಮೆಷಿನ್ನು." ವಯಸ್ಸಾದ ಹಾಗೆ ಬೆರಳಿನ ಗೆರೆ ಸವೆಯುತ್ತದೆ, ಅದರಲ್ಲೂ ಪಾತ್ರೆ ತೊಳೆದ ಕೈ. ಈ ಡಿಜಿಟಲ್ ವ್ಯವಸ್ಥೆ 'ಜೀವನ್ ಪ್ರಮಾಣ್' ಶುರುವಾದದ್ದು 2014ರ ನವೆಂಬರ್‌ನಲ್ಲಿ, ಅವರು ನಿವೃತ್ತರಾದ ವರ್ಷವೇ. 2021ರಿಂದ ಅದರಲ್ಲಿ ಮುಖ ತೋರಿಸಿಯೂ ಕೊಡಬಹುದು, ಮಗನ ಫೋನಿನಲ್ಲೇ ಆಗುತ್ತದೆ. ಆಧಾರ್ ಲಾಕ್ ಮಾತ್ರ ಅವತ್ತು ತೆಗೆದಿರಬೇಕು. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವೂ ಇದೆ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಎಲ್ಲ ಸಲೀಸಾಗಿ ಆಯಿತು ಅಂತೇನಿಲ್ಲ. ಒಂದು ದಿನ ಬೆಳಗಿನ ಜಾವ ಐದೂವರೆಗೆ ಭಜನಾ ಗುಂಪಿನ ಮೂವತ್ತು ಜನಕ್ಕೂ ಗ್ರೂಪ್ ಕಾಲ್ ಹೋಗಿ, ಒಂದು ವಾರ ಮತ್ತೆ ಫೋನ್ ಮುಟ್ಟಲಿಲ್ಲ. ಸೊಸೆ ಆ ಗುಂಪಿಗೆ ತಾನೇ ಒಂದು ಮೆಸೇಜ್ ಹಾಕಿದಳಂತೆ: "ಅತ್ತೆ ಕಲೀತಿದಾರೆ, ಎದ್ದಿದ್ದವರು ಕಾಫಿ ಕುಡೀರಿ." ಅದಕ್ಕೆ ಬಂದ ಉತ್ತರಗಳನ್ನು ಓದಿ ಸರೋಜಮ್ಮ ನಕ್ಕರಂತೆ. ನನ್ನ ಯಾವ ಸಲಹೆಗಿಂತ ಇದು ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಅನಿಸಿಕೆ. ಬಲಗಣ್ಣಿನ ಪೊರೆ ತೆಗೆಸಿದ ಮೇಲೆ ನೋಟ್‌ಬುಕ್ ನೋಡುವುದೂ ಕಡಿಮೆಯಾಗಿದೆ.

ಫೋನ್‌ಪೇ, ಗೂಗಲ್‌ಪೇ ಬೇಡವೇ ಬೇಡ ಅಂದಿದ್ದಾರೆ. ನಾನು ಒತ್ತಾಯ ಮಾಡಲಿಲ್ಲ. ತರಕಾರಿಗೆ ನೋಟು ಕೊಟ್ಟರೆ ಯಾರೂ ಬೇಡ ಅನ್ನಲ್ಲ, ಗ್ಯಾಸ್ ಬುಕ್ಕಿಂಗಿಗೆ ಮಿಸ್ಡ್ ಕಾಲ್ ಸಾಕು. ಮುಂದೆ ಮನಸ್ಸು ಬದಲಾದರೆ ಪಿಂಚಣಿ ಖಾತೆ ಬಿಟ್ಟು ಬೇರೆ ಖಾತೆ ಮಾಡಿ, ಅದರಲ್ಲಿ ಎರಡು ಸಾವಿರ ಇಟ್ಟು ಶುರು ಮಾಡಬಹುದು. ದುಡ್ಡು ಬರುವುದಕ್ಕೆ ಪಿನ್ ಬೇಕಿಲ್ಲ, ಕೊಡುವುದಕ್ಕೆ ಮಾತ್ರ ಅನ್ನೋದೊಂದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿದ್ದೇನೆ.

ಮೊನ್ನೆ ಮಗ ಫೋನ್ ಮಾಡಿದ್ದ. "ಅಮ್ಮ ಯುಪಿಐ ಯಾವಾಗ ಕಲೀತಾರೆ ಮೇಡಂ?" ಅಂತ. ಅವರನ್ನೇ ಕೇಳಿದ್ರಾ ಅಂದೆ. ಇಲ್ಲ ಅಂದ.