ವೆನಿಸ್‌ನಲ್ಲಿ ಮೂರು ರಾತ್ರಿ: ಎಲ್ಲಿ ಕೈ ಬಿಚ್ಚಬೇಕು, ಎಲ್ಲಿ ಬಿಗಿ ಹಿಡಿಯಬೇಕು

ಮದುವೆಯ ಇಪ್ಪತ್ತೈದನೇ ವರ್ಷಕ್ಕೆ ಗಂಡ ಹೆಂಡತಿ ಇಬ್ಬರೇ ವೆನಿಸ್‌ನಲ್ಲಿ ಮೂರು ರಾತ್ರಿ ಕಳೆಯಬೇಕು, ಖರ್ಚಿಗೆ ಹಿಂದೆಗೆಯುವುದಿಲ್ಲ, ಆದರೆ ಮೋಸ ಹೋಗಲು ಮನಸ್ಸಿಲ್ಲ ಎಂದಿದ್ದೀರಿ. ಮನೆಯವರಿಗೆ ಮೊಣಕಾಲು ನೋವು, ಇಬ್ಬರೂ ಸಸ್ಯಾಹಾರಿಗಳು. ಯಾವ ತಿಂಗಳು, ಯಾವ ಹೋಟೆಲ್, ಗೊಂಡೊಲಾ ಹತ್ತಬೇಕೇ, ನಡುವೆ ಒಂದು ದಿನ ಫ್ಲಾರೆನ್ಸ್‌ಗೆ ಹೋಗಿ ಬರಬಹುದೇ ಎಂದು ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ: ಬೇಡ. ರೈಲಿನಲ್ಲಿ ಎರಡು ಗಂಟೆಯ ದಾರಿ ನಿಜ. ಆದರೆ ಹೋಗಿ ಬರುವಷ್ಟರಲ್ಲಿ ನೀವು ದುಡ್ಡು ಕೊಟ್ಟು ಕೊಂಡ ಒಂದು ಇಡೀ ದಿನ ಕೈ ಬಿಟ್ಟಿರುತ್ತದೆ.

ನಾನು ಆರು ವರ್ಷ ಮಿಲಾನ್‌ನಲ್ಲಿ ಕೆಲಸ ಮಾಡಿದೆ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಎರಡೂವರೆ ಗಂಟೆ. ಊರಿನಿಂದ ಯಾರು ಬಂದರೂ ನನ್ನ ಪಾಲಿಗೆ ವೆನಿಸ್ ಕಟ್ಟಿಟ್ಟ ಬುತ್ತಿ. ಹಾಗಾಗಿ ಎಲ್ಲ ಕಾಲದಲ್ಲೂ, ಎಲ್ಲ ಬಗೆಯ ಖರ್ಚಿನಲ್ಲೂ ಆ ಊರನ್ನು ಕಂಡಿದ್ದೇನೆ. ಮೊದಲ ಸಲ ಮಾಡಿದ ತಪ್ಪನ್ನು ಹೇಳಿದರೆ ಮುಂದಿನದು ತಾನಾಗಿ ಅರ್ಥವಾಗುತ್ತದೆ.

ಅಪ್ಪ ಅಮ್ಮ ಶಿರಸಿಯಿಂದ ಬಂದಿದ್ದರು. ನಿಲ್ದಾಣದಿಂದ ಹತ್ತೇ ನಿಮಿಷ ಎಂದು ಬರೆದುಕೊಂಡಿದ್ದ ಒಂದು ಹೋಟೆಲನ್ನು ಹಿಡಿದಿದ್ದೆ. ಹತ್ತು ನಿಮಿಷ ಎನ್ನುವುದು ಸುಳ್ಳಲ್ಲ, ಕೈ ಬೀಸಿಕೊಂಡು ನಡೆಯುವವನಿಗೆ. ನಡುವೆ ಮೂರು ಸೇತುವೆಗಳಿದ್ದವು. ವೆನಿಸ್‌ನ ಸೇತುವೆ ಎಂದರೆ ಹತ್ತಿ ಇಳಿಯುವ ಮೆಟ್ಟಿಲು. ಆ ಊರಿನಲ್ಲಿ ಇಂಥವು ನಾಲ್ಕುನೂರಕ್ಕೂ ಹೆಚ್ಚಿವೆ. ಅವಲಕ್ಕಿ, ಉಪ್ಪಿನಕಾಯಿ, ಹಪ್ಪಳ ತುಂಬಿದ ಇಪ್ಪತ್ಮೂರು ಕಿಲೋ ಸೂಟ್‌ಕೇಸನ್ನು ಎರಡನೇ ಸೇತುವೆಯಲ್ಲಿ ಇಳಿಸುವಾಗ ಅದರ ಒಂದು ಚಕ್ರ ಕಿತ್ತು, ಟಕ್ ಟಕ್ ಎಂದು ಒಂದೊಂದೇ ಮೆಟ್ಟಿಲು ಇಳಿದು, ಅಂಚಿನಲ್ಲಿ ಅರೆಕ್ಷಣ ನಿಂತು, ಕಾಲುವೆಗೆ ಬಿತ್ತು. ಅಮ್ಮ ಸೇತುವೆಯ ನೆತ್ತಿಯಲ್ಲಿ ಮೊಣಕಾಲು ಹಿಡಿದುಕೊಂಡು ಕುಳಿತಿದ್ದಳು. ವಿಳಾಸವೋ, ಬಡಾವಣೆಯ ಹೆಸರು ಮತ್ತು ನಾಲ್ಕಂಕಿಯ ಒಂದು ಸಂಖ್ಯೆ, ಅಷ್ಟೇ. ಅಲ್ಲಿ ಮನೆ ಸಂಖ್ಯೆ ಬೀದಿಯನ್ನು ಹಿಡಿದು ಹೋಗುವುದಿಲ್ಲ, ಇಡೀ ಬಡಾವಣೆಯನ್ನು ಸುತ್ತುತ್ತದೆ. ಅಂತೂ ಮುಟ್ಟಿದೆವು. ಹೋಟೆಲಿಗೆ ಲಿಫ್ಟ್ ಇರಲಿಲ್ಲ.

ಆದ್ದರಿಂದ ಕೋಣೆ ಕಾಯ್ದಿರಿಸುವ ಮೊದಲು ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಕೇಳಿ. ನೀರಿನ ಕಡೆಗೆ ಸ್ವಂತ ಬಾಗಿಲು, ದೋಣಿ ನಿಲ್ಲುವ ಕಟ್ಟೆ ಇದೆಯೇ? ನಿಮ್ಮ ಕೋಣೆಯ ಅಂತಸ್ತಿನವರೆಗೂ ಲಿಫ್ಟ್ ಇದೆಯೇ? ಹತ್ತಿರದ ವಪೊರೆತ್ತೊ ನಿಲ್ದಾಣಕ್ಕೂ ಹೋಟೆಲಿಗೂ ನಡುವೆ ಎಷ್ಟು ಸೇತುವೆಗಳಿವೆ? ವಪೊರೆತ್ತೊ ಎಂದರೆ ನಗರ ಸಾರಿಗೆಯ ದೋಣಿ, ನಮ್ಮ ಸಿಟಿ ಬಸ್ಸಿನ ಹಾಗೆ. ಈ ಮೂರಕ್ಕೆ ನೇರ ಉತ್ತರ ಬರದಿದ್ದರೆ ಎಷ್ಟು ನಕ್ಷತ್ರಗಳಿದ್ದರೂ ಆ ಹೋಟೆಲನ್ನು ಬಿಟ್ಟುಬಿಡಿ.

ಹಣ ಸುರಿಯಬೇಕಾದ ಮೊದಲ ಜಾಗವೇ ಇದು. ಎಷ್ಟೇ ಅಗ್ಗವಾದರೂ ಮೆಸ್ತ್ರೆಯಲ್ಲಿ, ಅಂದರೆ ಸೇತುವೆಯ ಆಚೆಯ ನೆಲದ ಮೇಲಿನ ಊರಿನಲ್ಲಿ, ಮಲಗಬೇಡಿ. ಕಾರಣ ಸರಳ. ಹಗಲಿನ ವೆನಿಸ್ ಜಾತ್ರೆ, ರಾತ್ರಿಯ ವೆನಿಸ್ ಊರು. ಹಳೆಯ ನಗರದಲ್ಲಿ ಈಗ ಐವತ್ತು ಸಾವಿರಕ್ಕಿಂತ ಕಡಿಮೆ ಜನ ವಾಸಿಸುತ್ತಾರೆ. ಉಳಿದ ಗದ್ದಲವೆಲ್ಲ ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಆರಕ್ಕೆ ಹೋಗುವವರದು. ಅವರನ್ನು ತಡೆಯಲೆಂದೇ 2024ರ ಏಪ್ರಿಲ್‌ನಿಂದ ಕೆಲವು ದಿನಗಳಲ್ಲಿ ಹಗಲು ಪ್ರವಾಸಿಗರಿಗೆ ಪ್ರವೇಶ ಶುಲ್ಕ ಹಾಕಿದ್ದಾರೆ. ರಾತ್ರಿ ತಂಗುವವರು ಅದನ್ನು ಕೊಡಬೇಕಿಲ್ಲ. ಆದರೆ ಆ ದಿನಗಳಲ್ಲಿ ವಿನಾಯಿತಿಗೆ ಮೊದಲೇ ನೋಂದಾಯಿಸಿಕೊಳ್ಳಬೇಕು, ಅದನ್ನು ಮರೆಯಬೇಡಿ. ನಿಮ್ಮ ಹೋಟೆಲ್ ಬಿಲ್ಲಿನ ಬಹುಪಾಲು ಹಣ ಸಂಜೆ ಆರರಿಂದ ಮರುದಿನ ಹತ್ತರವರೆಗಿನ ಆ ಹದಿನಾರು ಗಂಟೆಗಳಿಗೆ. ರೇಷ್ಮೆಯ ಪರದೆಗಳು ಕೊಸರು.

ಇನ್ನು ಹೆಸರುಗಳು. ದೊಡ್ಡ ಕಾಲುವೆಯ ಮೇಲಿರುವ ಗ್ರಿತ್ತಿ ಪ್ಯಾಲೆಸ್ ಒಂದು ಕಾಲದಲ್ಲಿ ದೊಜೆ ಆಂದ್ರೆಯಾ ಗ್ರಿತ್ತಿಯ ಮನೆತನಕ್ಕೆ ಸೇರಿದ ಅರಮನೆ. ದೊಜೆ ಎಂದರೆ ವೆನಿಸ್ ಗಣರಾಜ್ಯದ ಆಯ್ಕೆಯಾದ ಅಧಿಪತಿ. ಅದರ ಎದುರಿಗೇ ಸಾಂತಾ ಮರಿಯಾ ದೆಲ್ಲಾ ಸಲೂತೆ ಚರ್ಚಿನ ಗುಮ್ಮಟ. ಪಾಪಾದೊಪೊಲಿ ಅರಮನೆಯಲ್ಲಿರುವ ಅಮನ್‌ನಲ್ಲಿ ಕೋಣೆಗಳು ಇಪ್ಪತ್ತನಾಲ್ಕೇ. ಅಲ್ಲಿ ತಿಯೆಪೊಲೊನ ಚಿತ್ರಗಳಿರುವ ಚಾವಣಿಯ ಕೆಳಗೆ ಮಲಗಬಹುದು, ಆದರೆ ಬೆಲೆ ಕೇಳಿದ ಮೇಲೆ ನಿದ್ದೆ ಬರಬೇಕಷ್ಟೇ. ಜುದೆಕ್ಕಾ ದ್ವೀಪದ ಚಿಪ್ರಿಯಾನಿ 1958ರಲ್ಲಿ ಶುರುವಾದದ್ದು. ತೋಟ, ಈಜುಕೊಳ, ಸಂತ ಮಾರ್ಕನ ಚೌಕಕ್ಕೆ ಅವರದೇ ದೋಣಿ, ಎಲ್ಲ ಇವೆ. ಆದರೆ ಚಳಿಗಾಲದಲ್ಲಿ ಮುಚ್ಚಿರುತ್ತದೆ. ನನ್ನನ್ನು ಕೇಳಿದರೆ ಮೂರೂ ರಾತ್ರಿಗೆ ಇಂಥ ಹೋಟೆಲೇ ಆಗಬೇಕಿಲ್ಲ. ದೋರ್ಸೊದೂರೊ ಬಡಾವಣೆಯಲ್ಲಿ ಕಾಲುವೆಗೆ ಮುಖ ಮಾಡಿದ ಹತ್ತು ಹದಿನೈದು ಕೋಣೆಗಳ ಚಿಕ್ಕ ಹೋಟೆಲುಗಳಿವೆ. ಪಕ್ಕದಲ್ಲೇ ಜಾತೆರೆ ಎಂಬ ಉದ್ದನೆಯ ದಂಡೆ, ಮೊಣಕಾಲು ನೋವಿನವರಿಗೆ ಆ ಊರಿನಲ್ಲಿ ಸಿಗುವ ಅತಿ ಸಮತಟ್ಟಾದ ನಡಿಗೆ. ಸಂಜೆಯ ಬಿಸಿಲು ನೇರ ಅಲ್ಲಿಗೇ ಬೀಳುತ್ತದೆ.

ಎರಡನೆಯ ಖರ್ಚು, ವಿಮಾನ ನಿಲ್ದಾಣದಿಂದ ನೀರಿನ ಟ್ಯಾಕ್ಸಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ದುಬೈ, ದೋಹಾ ಇಲ್ಲವೇ ಜರ್ಮನಿ ದಾಟಿ ಮಾರ್ಕೊ ಪೊಲೊ ನಿಲ್ದಾಣಕ್ಕೆ ಇಳಿಯುವ ಹೊತ್ತಿಗೆ ಮೈ ಹಣ್ಣಾಗಿರುತ್ತದೆ. ಸಾಮಾನ್ಯ ದೋಣಿ ಚೌಕದ ತನಕ ಒಂದು ಗಂಟೆಗೂ ಮಿಕ್ಕಿ ತೆಗೆದುಕೊಳ್ಳುತ್ತದೆ. ಟ್ಯಾಕ್ಸಿ ನೂರ ಇಪ್ಪತ್ತು ಯೂರೋಗಿಂತ ಹೆಚ್ಚಾದರೂ ಅರ್ಧ ಗಂಟೆಯಲ್ಲಿ ಹೋಟೆಲಿನ ನೀರುಬಾಗಿಲಿಗೇ ಬಿಡುತ್ತದೆ. ಹಿನ್ನೀರಿನ ಕಂಬಗಳ ಸಾಲಿನ ನಡುವೆ ನುಗ್ಗಿ ಬಂದು, ಕಿರಿದಾದ ಕಾಲುವೆಗೆ ತಿರುಗಿದೊಡನೆ ಎಂಜಿನ್ ಸದ್ದು ತಗ್ಗುತ್ತದೆ. ಆ ಊರನ್ನು ಕಟ್ಟಿದವರು ಅತಿಥಿ ನೀರಿನಿಂದಲೇ ಬರುತ್ತಾನೆಂದು ಕಟ್ಟಿದ್ದು. ಮನೆಗಳ ಮುಖವೆಲ್ಲ ನೀರಿನ ಕಡೆಗೇ ಇದೆ, ಬೀದಿಗೆ ಇರುವುದು ಹಿತ್ತಿಲು. ಟ್ಯಾಕ್ಸಿ ಇದೊಂದು ಸಲ ಸಾಕು. ಆಮೇಲೆ ಎಪ್ಪತ್ತೆರಡು ಗಂಟೆಗಳ ವಪೊರೆತ್ತೊ ಪಾಸು ಕೊಂಡುಬಿಡಿ. ಒಂದು ಸಲದ ಟಿಕೆಟ್ಟಿಗೆ ಒಂಬತ್ತೂವರೆ ಯೂರೋ ಆಗುವುದರಿಂದ ಎರಡನೇ ದಿನಕ್ಕೇ ಪಾಸಿನ ದುಡ್ಡು ಹುಟ್ಟುತ್ತದೆ. ರಾತ್ರಿ ಊಟದ ಮೇಲೆ ಒಂದನೇ ನಂಬರಿನ ದೋಣಿ ಹತ್ತಿ ದೊಡ್ಡ ಕಾಲುವೆಯ ಆ ತುದಿಯಿಂದ ಈ ತುದಿಗೆ ಸುಮ್ಮನೆ ಬನ್ನಿ. ಮುಕ್ಕಾಲು ಗಂಟೆ. ದೀಪ ಹಚ್ಚಿದ ಅರಮನೆಗಳ ಚಾವಣಿಗಳು ಕಿಟಕಿಯಿಂದ ಕಾಣುತ್ತವೆ.

ಮೂರನೆಯದು ಸಂತ ಮಾರ್ಕನ ಚರ್ಚು, ಅದು ಮುಚ್ಚಿದ ಮೇಲೆ. ಹಗಲು ಸರತಿಯಲ್ಲಿ ಹೋದರೆ ತಲೆಯೆತ್ತಿ ನೋಡುವಷ್ಟರಲ್ಲಿ ಹಿಂದಿನವರು ದೂಡಿರುತ್ತಾರೆ. ಸಂಜೆ ಬಾಗಿಲು ಮುಚ್ಚಿದ ಬಳಿಕ ಸಣ್ಣ ಗುಂಪುಗಳಿಗೆ ಮಾರ್ಗದರ್ಶಿಯೊಂದಿಗೆ ಭೇಟಿ ಏರ್ಪಡಿಸುತ್ತಾರೆ. ನಾನು ಹೋಗಿದ್ದಾಗ ಕತ್ತಲಲ್ಲಿ ಬೆಂಚಿನ ಮೇಲೆ ಕೂರಿಸಿದರು. ಮೊದಲು ಏನೂ ಕಾಣಲಿಲ್ಲ. ಆಮೇಲೆ ಒಂದೊಂದೇ ದೀಪ ಹೊತ್ತಿಕೊಂಡಂತೆ ಎಂಟು ಸಾವಿರ ಚದರ ಮೀಟರಿಗೂ ಹೆಚ್ಚಿನ ಆ ಚಿನ್ನದ ಮೊಸಾಯಿಕ್ ಚಾವಣಿ ತುಂಡು ತುಂಡಾಗಿ ಕತ್ತಲಿನಿಂದ ಹೊರಬಂತು. ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ದುಬಾರಿ, ನಿಜ. ಇಪ್ಪತ್ತೈದನೇ ವರ್ಷಕ್ಕೆ ಒಡವೆ ಕೊಳ್ಳುವುದಕ್ಕಿಂತ ಅಗ್ಗ.

ಹಗಲಿಗೆ ಹೆಚ್ಚು ತುರುಕಬೇಡಿ. ದೊಜೆಯ ಅರಮನೆಯಲ್ಲಿ ಕಾಸನೋವಾ 1756ರಲ್ಲಿ ತಪ್ಪಿಸಿಕೊಂಡ ಸೆರೆಮನೆಯನ್ನು ತೋರಿಸುವ ಗುಪ್ತ ದಾರಿಯ ಭೇಟಿ ಸೊಗಸಾದುದೇ, ಆದರೆ ಕಡಿದಾದ ಮೆಟ್ಟಿಲುಗಳು, ನಿಮಗಲ್ಲ. ಅದರ ಬದಲು ಸಾನ್ ರೊಕ್ಕೊ ಸಭಾಮಂದಿರಕ್ಕೆ ಹೋಗಿ. ಚಿತ್ರಕಾರ ತಿಂತೊರೆತ್ತೊ ಇಪ್ಪತ್ತಕ್ಕೂ ಹೆಚ್ಚು ವರ್ಷ ದುಡಿದು ಅದರ ಗೋಡೆ, ಚಾವಣಿಗಳನ್ನು ಚಿತ್ರಗಳಿಂದ ತುಂಬಿಸಿದ. ಕತ್ತು ನೋಯದಿರಲೆಂದು ಕೈಗೆ ಕನ್ನಡಿ ಕೊಡುತ್ತಾರೆ, ಅದರಲ್ಲಿ ಚಾವಣಿ ನೋಡುವುದು. ಎತ್ತರದಿಂದ ಊರು ನೋಡಬೇಕೆನಿಸಿದರೆ ಚೌಕದ ಗಂಟೆಗೋಪುರದ ಸರತಿ ಬಿಡಿ, ಎದುರಿನ ಸಾನ್ ಜಾರ್ಜೊ ದ್ವೀಪದ ಗೋಪುರಕ್ಕೆ ಹೋಗಿ. ಅಲ್ಲಿಯೂ ಲಿಫ್ಟ್ ಇದೆ, ಜನ ಕಡಿಮೆ, ಮೇಲಾಗಿ ಚೌಕದ ಗೋಪುರವೂ ನೋಟದೊಳಗೇ ಬರುತ್ತದೆ. ಗಾಜಿನ ಕೆಲಸಕ್ಕೆ ಹೆಸರಾದ ಮುರಾನೊ ದ್ವೀಪಕ್ಕೆ ಉಚಿತ ದೋಣಿ ಎಂದು ಯಾರಾದರೂ ಕರೆದರೆ ಕೈಮುಗಿಯಿರಿ. ಗಾಜಿನ ಅಂಗಡಿಯಲ್ಲಿ ಆ ಬಾಡಿಗೆಯನ್ನು ಬಡ್ಡಿ ಸಮೇತ ವಸೂಲು ಮಾಡುತ್ತಾರೆ. ದ್ವೀಪವೇ ಬೇಕಿದ್ದರೆ ದೂರವಾದರೂ ತೊರ್ಚೆಲ್ಲೊ ಮೇಲು.

ರಿಯಾಲ್ಟೊ ಮಾರುಕಟ್ಟೆಗೆ ಬೆಳಿಗ್ಗೆ ಎಂಟರೊಳಗೆ ಹೋಗಿ. ಮೀನಿನ ವಾಸನೆಗೆ ಸ್ವಲ್ಪ ಮೂಗು ಮುಚ್ಚಿಕೊಳ್ಳಬೇಕಾದೀತು, ಆದರೂ ಹೋಗಿ. ಪಕ್ಕದಲ್ಲಿ ಸಂಬಾರ ವ್ಯಾಪಾರಿಗಳ ಹೆಸರಿನ ಒಂದು ಬೀದಿ ಇದೆ, ರೂಗಾ ದೇಯಿ ಸ್ಪೆತ್ಸಿಯೇರಿ. ನಮ್ಮ ಕರಾವಳಿಯ ಕಾಳುಮೆಣಸು ಅರಬರ ಕೈ ದಾಟಿ ಅಲೆಕ್ಸಾಂಡ್ರಿಯಾ ಮೂಲಕ ಬಂದು ಬಿಕರಿಯಾಗುತ್ತಿದ್ದುದು ಈ ಆಸುಪಾಸಿನಲ್ಲೇ. 1498ರಲ್ಲಿ ವಾಸ್ಕೋ ಡ ಗಾಮಾ ಕಲ್ಲಿಕೋಟೆ ಮುಟ್ಟಿದ ಸುದ್ದಿಗೆ ವೆನಿಸ್ ನಡುಗಿದ್ದು ಸುಮ್ಮನೆ ಅಲ್ಲ. ಅದಕ್ಕೂ ಮೊದಲು, 1420ರ ಹೊತ್ತಿಗೆ, ಪಕ್ಕದ ಕಿಯೊಜ್ಜಾದ ವ್ಯಾಪಾರಿ ನಿಕೊಲೊ ಕೊಂತಿ ವಿಜಯನಗರವನ್ನು ಕಂಡು ಬಂದಿದ್ದ. ಇದನ್ನು ಅಪ್ಪನಿಗೆ ಹೇಳಿದಾಗ, ತೋಟದ ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ ಮನುಷ್ಯ, ಅರಮನೆಗಳ ಕಡೆ ಒಮ್ಮೆ ಕಣ್ಣು ಹಾಯಿಸಿ, ‘ಲಾಭ ಎಲ್ಲಿಗೆ ಹೋಯಿತು ಎಂದು ಈಗ ಗೊತ್ತಾಯಿತು’ ಎಂದರು.

ಊಟದ ಮಾತು. ವೆನಿಸ್ ಮೀನಿನ ಊರು. ಮಾಂಸವಿಲ್ಲ ಎಂದರೆ ಸಾಲದು, ಮೀನಿಲ್ಲ, ಸಾರು ಇಲ್ಲ ಎಂದೂ ಹೇಳಬೇಕು: ‘ಸೆಂಜಾ ಕಾರ್ನೆ, ಸೆಂಜಾ ಪೆಶ್ಶೆ, ಸೆಂಜಾ ಬ್ರೊದೊ’. ರಿಸೊತ್ತೊ ಅನ್ನವನ್ನು ಮಾಂಸದ ಇಲ್ಲವೇ ಮೀನಿನ ಸಾರಿನಲ್ಲಿ ಬೇಯಿಸುವುದು ರೂಢಿ. ‘ಬೀಗೊಲಿ ಇನ್ ಸಾಲ್ಸಾ’ ನೋಡಲು ಈರುಳ್ಳಿಯ ಶಾವಿಗೆ, ಒಳಗೆ ಕರಗಿದ ಮೀನು. ಬಟಾಣಿ ಅನ್ನ ಎಂದು ಆಸೆಪಡುವ ‘ರೀಸಿ ಎ ಬೀಸಿ’ಯಲ್ಲಿ ಹಂದಿಮಾಂಸದ ಚೂರು ಇರುವುದುಂಟು. ವಸಂತದಲ್ಲಿ ಹೋದರೆ ಸಾಂತ್ ಎರಾಸ್ಮೊ ದ್ವೀಪದ ಎಳೆಯ ಪಲ್ಲೆಹೂವು, ಅಂದರೆ ಆರ್ಟಿಚೋಕ್, ಚಳಿಯಲ್ಲಾದರೆ ತ್ರೆವೀಸೊದ ಕೆಂಪು ರದಿಕ್ಕಿಯೊ ಸೊಪ್ಪು, ಅಣಬೆಯೊಂದಿಗೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾ ಕೇಳಿ. 1931ರಲ್ಲಿ ಶುರುವಾದ ಹ್ಯಾರಿಸ್ ಬಾರ್‌ನಲ್ಲಿ ಮುಂದೆ ಹುಟ್ಟಿದ ಕರ್ಪಾಚೊ ಹಸಿ ದನದ ಮಾಂಸ, ಹೆಸರು ಕೇಳಿ ಮರುಳಾಗಬೇಡಿ. 1720ರಿಂದ ನಡೆದುಬಂದ ಫ್ಲೋರಿಯನ್ ಕಾಫಿಮನೆಯಲ್ಲಿ ಹೊರಗೆ ಕುಳಿತರೆ ವಾದ್ಯಮೇಳಕ್ಕೆಂದು ತಲೆಗಿಷ್ಟು ಬಿಲ್ಲಿಗೆ ಸೇರುತ್ತದೆ. ಅದು ಮೋಸವಲ್ಲ, ಪಟ್ಟಿಯಲ್ಲೇ ಬರೆದಿರುತ್ತಾರೆ. ಒಂದು ಕಾಫಿಗೆ ಒಂದು ಗಂಟೆ ಕೂತು ತೀರಿಸಿಕೊಳ್ಳಿ.

ತಿಂಗಳು: ಜುಲೈ, ಆಗಸ್ಟ್ ಬೇಡ, ಸೆಕೆ, ಸೊಳ್ಳೆ, ಜನ. ಫೆಬ್ರವರಿಯ ಮುಖವಾಡದ ಹಬ್ಬವೂ ಬೇಡ. ಏಪ್ರಿಲ್ ಚೆಂದ, ದುಬಾರಿ. ನನ್ನ ಆಯ್ಕೆ ನವೆಂಬರ್‌ನ ಮೂರನೇ ವಾರ. ಬೆಲೆ ಇಳಿದಿರುತ್ತದೆ, ಮಂಜು ಕವಿದಿರುತ್ತದೆ, 21ರಂದು ಸಲೂತೆಯ ಹಬ್ಬ. 1630ರ ಪ್ಲೇಗು ತೊಲಗಿದ್ದಕ್ಕೆ ಹರಕೆಯಾಗಿ ಕಟ್ಟಿದ ಆ ಚರ್ಚಿಗೆ ದೊಡ್ಡ ಕಾಲುವೆಯ ಮೇಲೆ ತಾತ್ಕಾಲಿಕ ಸೇತುವೆ ಹಾಕುತ್ತಾರೆ, ಊರಿನವರೇ ಮೇಣದಬತ್ತಿ ಹಿಡಿದು ನಡೆಯುತ್ತಾರೆ. ಆ ಕಾಲದಲ್ಲಿ ನೀರು ಉಕ್ಕುವ ಭಯವಿದೆ ಎನ್ನುವಿರಿ. 2019ರ ನವೆಂಬರ್ 12ರಂದು 187 ಸೆಂಟಿಮೀಟರ್ ಏರಿದ್ದು ನಿಜ. ಆದರೆ 2020ರ ಅಕ್ಟೋಬರ್‌ನಿಂದ ಸಮುದ್ರದ ಬಾಯಿಗಳಲ್ಲಿ ಮೋಸೆ ಎಂಬ ತಡೆಬಾಗಿಲುಗಳು ಏಳುತ್ತಿವೆ, ದೊಡ್ಡ ಪ್ರವಾಹ ಒಳಗೆ ಬರುವುದಿಲ್ಲ. ಚೌಕದಲ್ಲಿ ಪಾದ ನೆನೆದರೆ ನೆನೆಯಲಿ. ಷೆಂಗೆನ್ ವೀಸಾದ ದಿನಾಂಕಕ್ಕೆ ಮಾತ್ರ ಈಗಲೇ ಓಡಿ.

ಕಡೆಗೆ ಗೊಂಡೊಲಾ. ಹತ್ತಿ. ದರವನ್ನು ನಗರಸಭೆಯೇ ಗೊತ್ತು ಮಾಡಿದೆ: ಹಗಲು ಅರ್ಧ ಗಂಟೆಗೆ 90 ಯೂರೋ, ಸಂಜೆ ಏಳರ ಮೇಲೆ 110, ತಲೆಗಲ್ಲ, ದೋಣಿಗೆ. ಹಾಡು ಬೇಕೆಂದರೆ ಬೇರೆ ದುಡ್ಡು, ಬೇಡ ಎನ್ನಿ. ರಿಯಾಲ್ಟೊದ ಬಳಿ ಹತ್ತಬೇಡಿ, ದೊಡ್ಡ ಕಾಲುವೆಯ ಅಲೆಯಲ್ಲಿ ಕುಲುಕಾಡಿಸುತ್ತಾರೆ. ಒಳಗಿನ ಯಾವುದಾದರೂ ಚಿಕ್ಕ ಕಾಲುವೆಯ ಕಟ್ಟೆಯಿಂದ ಹತ್ತಿ, ಮನೆಯವರನ್ನು ಮೊದಲು ಇಳಿಸಿ, ಅಂಬಿಗ ಕೈ ಕೊಡುತ್ತಾನೆ. ಕುಳಿತ ಮೇಲೆ ಒಮ್ಮೆ ಹಿಂದಿರುಗಿ ನೋಡಿ. ಹುಟ್ಟು ಆನಿಸಿರುವ ವಾಲ್‌ನಟ್ ಮರದ ಕೊರೆದ ತುಂಡು, ಅವರು ಫೋರ್ಕೊಲಾ ಎನ್ನುವುದು, ಮಡಿಸಿದ ಮೊಣಕೈಯಂತಿರುತ್ತದೆ. ಅದರ ಒಂದೊಂದು ತಿರುವಿನಲ್ಲಿ ಹುಟ್ಟನ್ನಿಟ್ಟರೆ ಒಂದೊಂದು ಚಲನೆ: ಮುಂದೆ, ಹಿಂದೆ, ನಿಲ್ಲು, ತಿರುಗು. ಒಬ್ಬನೇ, ಒಂದೇ ಹುಟ್ಟಿನಿಂದ, ಒಂದೇ ಬದಿಯಲ್ಲಿ ನೂಕುವುದರಿಂದ ದೋಣಿ ವಾಲಿಹೋಗದಿರಲೆಂದು ಅದರ ಎಡಭಾಗವನ್ನು ಬಲಕ್ಕಿಂತ ಅಗಲವಾಗಿ ಕಟ್ಟಿರುತ್ತಾರೆ. ಸೇತುವೆಯ ಕೆಳಗೆ ಬಂದಾಗ ಅವನು ಬಗ್ಗಿ, ಒಂದು ಕಾಲಿನಿಂದ ಪಕ್ಕದ ಗೋಡೆಯನ್ನು ಮೆಲ್ಲಗೆ ಒದ್ದು, ‘ಓಯೇ’ ಎಂದು ಕೂಗುತ್ತಾನೆ, ತಿರುವಿನ ಆಚೆಯ ದೋಣಿಯವನಿಗೆ ಕೇಳಲೆಂದು. ಆಚೆಯಿಂದಲೂ ಒಂದು ‘ಓಯೇ’ ಬಂದರೆ ಸ್ವಲ್ಪ ಹೊತ್ತು ಕಾಯಬೇಕಾಗುತ್ತದೆ.