ನಾಲ್ಕು ಅಡಿ ಟ್ಯಾಂಕಿಗೆ ಕ್ಲೌನ್ ಟ್ರಿಗರ್ ಬೇಡ

ಓದುಗರ ಪತ್ರ (ಸಂಕ್ಷಿಪ್ತ): ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ನಮ್ಮದು. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಕಡಲನೀರಿನ ಟ್ಯಾಂಕ್ ಇದೆ. ಅದರಲ್ಲಿ ಒಂದು ಜೋಡಿ ಕ್ಲೌನ್‌ಫಿಶ್, ಒಂದು ಕ್ಲೀನರ್ ಸಿಗಡಿ. ಅಂಗಡಿಗೆ ಮೂರು ಇಂಚಿನ ಕ್ಲೌನ್ ಟ್ರಿಗರ್, ನಾಲ್ಕು ಇಂಚಿನ ಪ್ಯಾಂಥರ್ ಗ್ರೂಪರ್ ಬಂದಿವೆ. ‘ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತವೆ’ ಎಂದು ಅಂಗಡಿಯವರು ಹೇಳಿದರು. ತೀರಾ ದೊಡ್ಡದಾದರೆ ದೊಡ್ಡ ಟ್ಯಾಂಕ್ ಮಾಡಿಸುವುದು, ಇಲ್ಲವೇ ಮಲ್ಪೆಗೆ ಒಯ್ದು ಕಡಲಿಗೆ ಬಿಡುವುದು ಎಂದುಕೊಂಡಿದ್ದೇನೆ. ಇಂಥ ಮೀನುಗಳನ್ನು ಮನೆಯಲ್ಲಿ ಸಾಕುವುದೇ ತಪ್ಪೇ?

ಸಂಪಾದಕರ ಉತ್ತರ:

ತಪ್ಪೇ ಎಂದು ಕೇಳಿದ್ದೀರಿ. ನಿಮ್ಮ ಟ್ಯಾಂಕಿನ ಮಟ್ಟಿಗೆ ಹೌದು, ಈ ಎರಡು ಮೀನುಗಳನ್ನೂ ತರಬೇಡಿ. ಎಲ್ಲ ಮನೆಗಳಿಗೂ ಇದೇ ಉತ್ತರವಲ್ಲ, ಆದರೆ ಇವನ್ನು ಸಾಕಲು ಅನುಕೂಲವಿರುವ ಮನೆಗಳು ಬಹಳ ಕಡಿಮೆ.

ಮೊದಲು ಅಂಗಡಿಯವರ ಮಾತು ನೋಡೋಣ. ಕ್ಲೌನ್ ಟ್ರಿಗರ್ ಪೂರ್ತಿ ಬೆಳೆದಾಗ 50 ಸೆಂ.ಮೀ. ಮುಟ್ಟುವ ಮೀನು, ಪ್ಯಾಂಥರ್ ಗ್ರೂಪರ್ 70 ಸೆಂ.ಮೀ. ನಿಮ್ಮ ಟ್ಯಾಂಕಿನ ಅಗಲ 45 ಸೆಂ.ಮೀ. ಅಂದರೆ ಬೆಳೆದ ಮೀನಿಗೆ ನೆಟ್ಟಗೆ ತಿರುಗಿಕೊಳ್ಳುವುದಕ್ಕೂ ಜಾಗವಿಲ್ಲ. ಟ್ಯಾಂಕಿಗೆ ತಕ್ಕಂತೆ ಮೀನು ತನ್ನ ಬೆಳವಣಿಗೆಯನ್ನು ಹದ ಮಾಡಿಕೊಳ್ಳುವುದಿಲ್ಲ. ಕೊಳೆ ತುಂಬಿದ ನೀರು, ಒತ್ತಡ, ಓಡಾಟವಿಲ್ಲದ ಬದುಕು ಸೇರಿ ಅದರ ಬೆಳವಣಿಗೆ ಕುಂಠಿತವಾಗುತ್ತದೆ. ಅದನ್ನು ಹೊಂದಾಣಿಕೆ ಎಂದು ಕರೆಯಲಾಗದು, ಅದು ಕಾಯಿಲೆ.

ನೀರು ಎಷ್ಟು ಬೇಗ ಕೆಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಕಲ್ಲು, ಮರಳು ಕಳೆದರೆ ನಿಮ್ಮಲ್ಲಿರುವುದು ಸುಮಾರು 220 ಲೀಟರ್ ನೀರು. ಎರಡೂ ಮೀನು ಒಂದು ಗೇಣು ಬೆಳೆದಾಗ ದಿನ ಬಿಟ್ಟು ದಿನ ಎರಡಕ್ಕೂ ಸೇರಿ 20 ಗ್ರಾಂ ಸಿಗಡಿ ಹಾಕುತ್ತೀರಿ ಎಂದಿಟ್ಟುಕೊಳ್ಳಿ. ಅದರಲ್ಲಿ ಪ್ರೋಟೀನ್ ಸುಮಾರು 4 ಗ್ರಾಂ, ಪ್ರೋಟೀನಿನ ಶೇ. 16 ಭಾಗ ಸಾರಜನಕ. ಅದರಲ್ಲಿ ಶೇ. 70ರಷ್ಟು ಅಮೋನಿಯವಾಗಿ ನೀರಿಗೆ ಬಂದು, ಬ್ಯಾಕ್ಟೀರಿಯಾಗಳ ಕೆಲಸದಿಂದ ನೈಟ್ರೇಟ್ ಆದರೆ ಒಂದೊಂದು ಊಟಕ್ಕೂ 2 ಗ್ರಾಂ ನೈಟ್ರೇಟ್. ನಿಮ್ಮ ಟ್ಯಾಂಕಿನಲ್ಲಿ ಅದು ಲೀಟರಿಗೆ 9 ಮಿಲಿಗ್ರಾಂ. ವಾರ ವಾರ ತಪ್ಪದೆ ಕಾಲುಭಾಗ ನೀರು ಬದಲಿಸಿದರೂ ನೈಟ್ರೇಟ್ ಕೊನೆಗೆ 90ರಿಂದ 125ರ ನಡುವೆ ಆಡುತ್ತಿರುತ್ತದೆ. ಬರೀ ಮೀನಿರುವ ಟ್ಯಾಂಕಿನಲ್ಲೂ ನಾವು 40ರೊಳಗೆ ಇರಿಸಿ ಎನ್ನುತ್ತೇವೆ. ಒಳ್ಳೆಯ ಸ್ಕಿಮ್ಮರ್ (ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಸಾಧನ) ಇದನ್ನು ಕೊಂಚ ಇಳಿಸುತ್ತದೆ, ಆದರೆ ಇಷ್ಟು ಸಣ್ಣ ಟ್ಯಾಂಕನ್ನು ಉಳಿಸುವಷ್ಟಲ್ಲ.

ಇನ್ನು ಜಗಳದ ವಿಚಾರ. ಕಡಲಿನಲ್ಲಿ ಬಂಡೆಯ ನಡುವೆ ಟ್ರಿಗರ್ ಇನ್ನೊಂದು ಮೀನನ್ನು ಅಟ್ಟಿದರೆ, ಅದು ನಾಲ್ಕು ಮೀಟರ್ ದೂರ ಓಡಿ ಪಾರಾಗುತ್ತದೆ, ಜಗಳ ಅಲ್ಲಿಗೇ ಮುಗಿಯುತ್ತದೆ. ಟ್ಯಾಂಕಿನಲ್ಲಿ ಓಡಿದ ಮೀನು ಗಾಜಿಗೆ ಬಡಿದು ಮತ್ತೆ ಅದೇ ಬಾಯಿಗೆ ಬರುತ್ತದೆ. ಕ್ಲೌನ್ ಟ್ರಿಗರ್ ವಿಷಯದಲ್ಲಿ ಜನ ಮೋಸ ಹೋಗುವುದು ಅದರ ಬಾಲ್ಯ ನೋಡಿ. ಒಂದೆರಡು ವರ್ಷ ಸಾಧುವಾಗಿದ್ದು, ಮೈ ಬಲಿತ ಮೇಲೆ ಒಂದು ರಾತ್ರಿಯಲ್ಲಿ ಜೊತೆಯ ಮೀನುಗಳ ಕಣ್ಣು, ರೆಕ್ಕೆ ಕಿತ್ತುಬಿಡುತ್ತದೆ. ಕಡಲ ಮುಳ್ಳುಗೋಳ, ಏಡಿ, ಚಿಪ್ಪುಗಳನ್ನು ಒಡೆದು ತಿನ್ನುವ ದವಡೆ ಅದು. ಹೀಟರ್ ಗಾಜು, ವೈರು, ಪಂಪಿನ ಪೈಪು ಯಾವುದನ್ನೂ ಬಿಡುವುದಿಲ್ಲ. ಗ್ರೂಪರ್ ಹಾಗಲ್ಲ, ಅದಕ್ಕೆ ಕೋಪವೇ ಇಲ್ಲ. ಬಾಯಿಗೆ ಹಿಡಿಸಿದ್ದನ್ನು ನುಂಗುತ್ತದೆ, ಅಷ್ಟೇ. ನಿಮ್ಮ ಸಿಗಡಿ ಮೊದಲ ವಾರವೇ ಹೋಗುತ್ತದೆ, ಕ್ಲೌನ್‌ಫಿಶ್ ಜೋಡಿ ಆಮೇಲೆ.

‘ಮುಂದೆ ದೊಡ್ಡದು ಮಾಡಿಸುತ್ತೇನೆ’ ಎಂಬ ಮಾತು ನಮಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಆ ದೊಡ್ಡದು ಎಂದರೆ ಏನು ಎಂಬುದನ್ನು ಈಗಲೇ ತಿಳಿದುಕೊಳ್ಳಿ. ಬಲಿತ ಕ್ಲೌನ್ ಟ್ರಿಗರ್ ಒಂದಕ್ಕೆ ಎಂಟು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಎತ್ತರ ಬೇಕು ಎನ್ನುವುದು ನಮ್ಮ ಅಳತೆ. ಅದರಲ್ಲಿ ಸುಮಾರು 1,350 ಲೀಟರ್ ಹಿಡಿಯುತ್ತದೆ. ಗಾಜು, ಕಲ್ಲು, ಸ್ಟ್ಯಾಂಡ್ ಸೇರಿ ಎರಡು ಟನ್ನಿನ ಹತ್ತಿರ. ಮನೆಯ ಕೋಣೆಗಳ ನೆಲವನ್ನು ನಮ್ಮಲ್ಲಿ ವಿನ್ಯಾಸ ಮಾಡುವುದು ಚದರ ಮೀಟರಿಗೆ ಸುಮಾರು 200 ಕೆ.ಜಿ. ಬಳಕೆಯ ಭಾರಕ್ಕೆ, 60 ಸೆಂ.ಮೀ. ಎತ್ತರದ ನೀರೊಂದೇ ತನ್ನ ಕೆಳಗಿನ ಪ್ರತಿ ಚದರ ಮೀಟರಿಗೆ 600 ಕೆ.ಜಿ. ಮೀರಿ ಒತ್ತುತ್ತದೆ. ತೊಲೆಯ ಮೇಲೆ, ಗೋಡೆಯ ಪಕ್ಕದಲ್ಲಿ ಇಟ್ಟರೆ ತಾಳಬಹುದು, ತಾಳದೆಯೂ ಇರಬಹುದು. ಕಟ್ಟಡದ ನಕ್ಷೆ ತೋರಿಸಿ ಸ್ಟ್ರಕ್ಚರಲ್ ಎಂಜಿನಿಯರ್ ಒಪ್ಪಿದ ಮೇಲಷ್ಟೇ ಟ್ಯಾಂಕಿಗೆ ಆರ್ಡರ್ ಕೊಡಬೇಕು.

ನೀರಿನ ಖರ್ಚೂ ಅಷ್ಟೇ ದೊಡ್ಡದು. ಹದಿನೈದು ದಿನಕ್ಕೊಮ್ಮೆ ಐದನೇ ಒಂದು ಭಾಗ ಬದಲಿಸಲು 270 ಲೀಟರ್ ಬೇಕು, ಲೀಟರಿಗೆ ಸುಮಾರು 36 ಗ್ರಾಂ ಲೆಕ್ಕದಲ್ಲಿ ಅದಕ್ಕೆ 10 ಕೆ.ಜಿ. ಉಪ್ಪು. ಮಾಮೂಲಿ ಆರ್‌ಒ ಒಂದು ಲೀಟರ್ ಶುದ್ಧ ನೀರಿಗೆ ಎರಡು–ಮೂರು ಲೀಟರ್ ಹೊರಗೆ ಚೆಲ್ಲುವುದರಿಂದ ನಲ್ಲಿಯಿಂದ ಹೋಗುವುದು ಸಾವಿರ ಲೀಟರಿನ ಆಸುಪಾಸು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಅಪಾರ್ಟ್‌ಮೆಂಟಿನಲ್ಲಿ ಇದನ್ನು ಯೋಚಿಸಲೇಬೇಕು.

ಇಷ್ಟೆಲ್ಲಕ್ಕೂ ಅನುಕೂಲವಿದ್ದು, ನೆಲಮಹಡಿಯಲ್ಲಿ ಜಾಗವಿದ್ದವರು ಸಾಕಲಿ, ನಾವು ತಡೆಯುವುದಿಲ್ಲ. ಆದರೆ ದೊಡ್ಡ ಟ್ಯಾಂಕ್ ಮೊದಲು, ಮೀನು ಆಮೇಲೆ. ಹೀಟರ್ ಮತ್ತು ಪ್ರೋಬ್‌ಗಳು (ನೀರಿನ ಗುಣ ಅಳೆಯುವ ಕಡ್ಡಿಗಳು) ಟ್ಯಾಂಕಿನ ಕೆಳಗಿನ ಸಂಪ್‌ನಲ್ಲಿ, ಅಂದರೆ ಅದಕ್ಕೆ ಜೋಡಿಸಿದ ಬೇರೆ ತೊಟ್ಟಿಯಲ್ಲಿ ಇರಬೇಕು. ಕಲ್ಲುಗಳನ್ನು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೆ ಭದ್ರವಾಗಿ ಕೂರಿಸಬೇಕು, ಏಕೆಂದರೆ ಟ್ರಿಗರ್ ಬಾಯಿಂದ ನೀರು ಊದಿ ಮರಳನ್ನು ತೋಡುತ್ತದೆ. ಸ್ಕಿಮ್ಮರ್ ಟ್ಯಾಂಕಿನ ಎರಡರಷ್ಟು ನೀರಿಗೆ ಸಾಲುವಂಥದ್ದಿರಲಿ. ಕರೆಂಟು ಹೋದಾಗ ದೊಡ್ಡ ಮೀನು ಮೊದಲು ಉಸಿರುಗಟ್ಟುತ್ತದೆ, ಆದ್ದರಿಂದ ಒಂದು ಪಂಪಾದರೂ ಯುಪಿಎಸ್ ಮೇಲಿರಲಿ. ಟ್ರಿಗರ್ ಹಿಡಿಯಲು ಬಲೆ ಬೇಡ. ಬೆನ್ನಿನ ಮೊದಲ ಮುಳ್ಳನ್ನು ಎರಡನೆಯದು ಚಿಲಕದಂತೆ ಹಿಡಿದು ನಿಲ್ಲಿಸುತ್ತದೆ (ಹೆಸರು ಬಂದದ್ದೇ ಅದರಿಂದ), ಬಲೆಯಲ್ಲಿ ಸಿಕ್ಕಿದರೆ ಬಿಡಿಸುವಷ್ಟರಲ್ಲಿ ಮೀನಿಗೆ ಗಾಯ. ಪ್ಲಾಸ್ಟಿಕ್ ಡಬ್ಬಿಗೆ ನೀರಿನೊಂದಿಗೇ ಹೊಗಿಸಿ.

ಕಡಲಿಗೆ ಬಿಡುವ ಯೋಚನೆಯನ್ನು ದಯವಿಟ್ಟು ಮನಸ್ಸಿನಿಂದಲೇ ತೆಗೆಯಿರಿ. ಅಮೆರಿಕದ ಫ್ಲಾರಿಡಾ ಕರಾವಳಿಯಲ್ಲಿ 1985ರಲ್ಲಿ ಮೊದಲು ಕಾಣಿಸಿಕೊಂಡ ಲಯನ್‌ಫಿಶ್ ಅಲ್ಲಿಯದಲ್ಲ, ಅಕ್ವೇರಿಯಂನವರು ಬಿಟ್ಟಿದ್ದೇ ಅದರ ಮೂಲ ಎನ್ನಲಾಗುತ್ತದೆ. ಇಂದು ಕೆರಿಬಿಯನ್ ಕಡಲಿಡೀ ಅದು ಸ್ಥಳೀಯ ಮೀನುಮರಿಗಳನ್ನು ಬರಿದು ಮಾಡುತ್ತಿದೆ. ಮಲ್ಪೆಯ ಬೋಟುಗಳಿಗೆ ರಾಶಿಗಟ್ಟಲೆ ಸಿಗುವ ‘ಕಾರ್ಗಿಲ್’ ಮೀನೂ ಟ್ರಿಗರ್ ಜಾತಿಯದೇ ನಿಜ, ಆದರೆ ಅದು ಕೆಂಪು ಹಲ್ಲಿನ ಟ್ರಿಗರ್, ಬೇರೆ ಮೀನು. ಬಂಧುಗಳಿದ್ದಾರೆ ಎಂದು ಅಂಗಡಿಯ ರೋಗ ಹೊತ್ತ ಮೀನನ್ನು ಅಲ್ಲಿ ಬಿಡಲಾಗದು.

ನಿಮಗೆ ಬೇಟೆಗಾರ ಮೀನಿನ ಠೀವಿಯೇ ಇಷ್ಟವಾದರೆ ನಿಮ್ಮ ಟ್ಯಾಂಕಿಗೆ ಹೊಂದುವಂಥವು ಇವೆ. ಫಜ್ಜಿ ಡ್ವಾರ್ಫ್ ಲಯನ್‌ಫಿಶ್ 17 ಸೆಂ.ಮೀ. ಮೀರುವುದಿಲ್ಲ. ಸ್ನೋಫ್ಲೇಕ್ ಈಲ್ ಟ್ಯಾಂಕಿನಲ್ಲಿ ಎರಡು–ಎರಡೂವರೆ ಅಡಿ ಬೆಳೆದರೂ ಹಗಲಿಡೀ ಬಂಡೆಯ ಸಂದಿಯಲ್ಲೇ ಇರುತ್ತದೆ. ಎರಡರಲ್ಲಿ ಒಂದನ್ನು ಆರಿಸಿ, ಸಿಗಡಿಯನ್ನು ಮೊದಲೇ ಬೇರೆ ಕಡೆ ಸಾಗಿಸಿ. ಈಲ್ ಆದರೆ ಮುಚ್ಚಳದಲ್ಲಿ ಪೈಪು ಹೋಗುವ ಸಂದಿಯನ್ನೂ ಜಾಲರಿಯಿಂದ ಬಿಗಿಯಿರಿ. ಬೆರಳು ತೂರುವ ಕಡೆ ಅದೂ ತೂರುತ್ತದೆ, ಬೆಳಗ್ಗೆ ನೆಲದ ಮೇಲೆ ಒಣಗಿ ಬಿದ್ದಿರುತ್ತದೆ. ಲಯನ್‌ಫಿಶ್ ಮುಳ್ಳಿನಲ್ಲಿ ವಿಷವಿದೆ. ಚುಚ್ಚಿದರೆ ಕೂಡಲೇ ತಾಳಬಲ್ಲಷ್ಟು ಬಿಸಿನೀರಿನಲ್ಲಿ, ಸುಮಾರು 45 ಡಿಗ್ರಿ ಮೀರದಂತೆ, 30ರಿಂದ 90 ನಿಮಿಷ ಅದ್ದಿಟ್ಟು ವೈದ್ಯರ ಬಳಿ ಹೋಗಿ. ಉಸಿರಾಟಕ್ಕೆ ತೊಂದರೆಯಾದರೆ ಬಿಸಿನೀರಿಗೆ ಕಾಯದೆ ನೇರ ಆಸ್ಪತ್ರೆಗೆ.

ವಾರಕ್ಕೆ ಮೂರು ಸಲ, ಕಡ್ಡಿಯ ತುದಿಗೆ ಸಿಕ್ಕಿಸಿದ ಸಿಗಡಿ ಅಥವಾ ಬೊಂಡಾಸಿನ ತುಣುಕು ಸಾಕು. ಬೂತಾಯಿಯಂಥ ಎಣ್ಣೆ ಮೀನು ನೀರಿನ ಮೇಲೆ ಜಿಡ್ಡು ಕಟ್ಟಿಸುತ್ತದೆ. ಜೀವಂತ ಗೋಲ್ಡ್‌ಫಿಶ್ ಹಾಕುವ ಅಭ್ಯಾಸ ಇನ್ನೂ ಕೆಟ್ಟದ್ದು: ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ನಾಶ ಮಾಡಿ, ತಿಂಗಳುಗಳ ನಂತರ ಮೀನು ಕಾರಣ ತಿಳಿಯದೆ ಸಾಯುತ್ತದೆ. ಹಾಗಾಗಿ ಯಾವ ಮೀನನ್ನೇ ಆರಿಸಿದರೂ, ಹಣ ಕೊಡುವ ಮುನ್ನ ಅದು ಸತ್ತ ಆಹಾರ ತಿನ್ನುವುದನ್ನು ಅಂಗಡಿಯಲ್ಲೇ ನಿಂತು ಕಣ್ಣಾರೆ ನೋಡಿ. ತಿನ್ನದಿದ್ದರೆ ಒಂದು ವಾರ ಬಿಟ್ಟು ಮತ್ತೆ ಹೋಗಿ.

— ಸಂ.