ಗುಲಾಬಿಯ ಮನೆಗೂ ಟಿವಿ ಬಂದಿತ್ತಲ್ವಾ?

ಉಮಾಶ್ರೀ ನಟಿಸಿದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯನ್ನು ನಾನು ಹೊಗಳಿದ್ದಕ್ಕೆ ಸಿಂಧನೂರಿನ ನಿವೃತ್ತ ಮಾಸ್ತರರೊಬ್ಬರು ಹೀಗೆ ಬರೆದಿದ್ದಾರೆ: ‘ಉಮಾಶ್ರೀ ಅವರ ಗುಲಾಬಿ ಟಾಕೀಸ್ ಸಿನಿಮಾವನ್ನು ಮೊಬೈಲಿನಲ್ಲಿ ಎರಡು ಸಲ ನೋಡಿದವನು ನಾನು. ರಾಷ್ಟ್ರಪ್ರಶಸ್ತಿ ಪಡೆದ ಅಂಥ ನಟಿ ಧಾರಾವಾಹಿಯಲ್ಲಿ ಅಳುತ್ತಾ ಕೂರುವುದೇ? ನಾನಂತೂ ಒಂದು ಕಂತೂ ನೋಡಿಲ್ಲ. ಹೆಂಗಸರ ಆ ಗೋಳನ್ನು ನೀವು ಹೊಗಳಿದ್ದು ಬೇಸರ ತಂದಿತು.’

ಮಾಸ್ತರೇ, ಧಾರಾವಾಹಿಗಳು ಕಥೆ ಎಳೆಯುತ್ತವೆ, ನಿಜ. ಒಂದು ಮಾತಿಗೆ ಮೂರು ಮುಖ, ಮೂರು ಗುಡುಗು. ಒಪ್ಪಿದೆ.

ಆದರೆ ಎರಡು ಸಲ ನೋಡಿದಿರಲ್ಲ, ಆ ಸಿನಿಮಾದಲ್ಲಿ ಏನಿತ್ತು? ಗಿರೀಶ ಕಾಸರವಳ್ಳಿ ತೋರಿಸಿದ್ದು ಕುಂದಾಪುರ ಕಡೆಯ ಮೀನುಗಾರರ ಊರು. ಗುಲಾಬಿ ಸೂಲಗಿತ್ತಿ, ಜೊತೆಗೆ ಸಿನಿಮಾ ಹುಚ್ಚು. ಹೆರಿಗೆ ಮಾಡಿಸಿದ್ದಕ್ಕೆ ಅವಳ ಮನೆಗೆ ಟಿವಿ ಬರುತ್ತದೆ. ಊರ ಹೆಂಗಸರು ಬಂದು ಅದರ ಮುಂದೆ ಕೂರುತ್ತಾರೆ. ನಿಮಗೆ ಮೆಚ್ಚುಗೆಯಾದ ಸಿನಿಮಾದಲ್ಲೇ ಆ ಹೆಂಗಸರಿದ್ದಾರೆ! ಸಿನಿಮಾದೊಳಗೆ ಟಿವಿ ನೋಡಿದರೆ ಕಲೆ, ನಮ್ಮ ಮನೆಯಲ್ಲಿ ನೋಡಿದರೆ ಗೋಳು. ಇದ್ಯಾವ ನ್ಯಾಯ?

ಉಮಾಶ್ರೀ ಬಂದದ್ದು ರಂಗಭೂಮಿಯಿಂದ. ದೇವನೂರ ಮಹಾದೇವರ ‘ಒಡಲಾಳ’ ಕಥೆಯನ್ನು ರಂಗನಿರ್ದೇಶಕ ಸಿಜಿಕೆ ನಾಟಕ ಮಾಡಿದಾಗ ಇವರು ಅದರ ಮುದುಕಿ ಸಾಕವ್ವ. 1984ರಲ್ಲಿ ಕಾಶೀನಾಥರ ‘ಅನುಭವ’ ಸಿನಿಮಾ. ಆಮೇಲೆ ವರ್ಷಗಟ್ಟಲೆ ಕಾಮಿಡಿ. ಆಗಲೂ ಮರ್ಯಾದಸ್ಥರು ಮೂಗು ಮುರಿದರು. ಪ್ರಶಸ್ತಿ ಬಂದ ಮೇಲೆ ಅವರೇ ಚಪ್ಪಾಳೆ ಹೊಡೆದರು. ನಡುವೆ ತೇರದಾಳದಿಂದ ಗೆದ್ದು 2013ರಲ್ಲಿ ಮಂತ್ರಿಯೂ ಆದರು, ಆ ರಾಜಕೀಯ ಇಲ್ಲಿ ಬೇಡ. 2021ರಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಅವರು ಗಂಡ ಬಿಟ್ಟ ಹೆಂಗಸು. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಸುಮ್ನೆ ಅಳುವವಳಲ್ಲ, ದುಡಿಯುವವಳು.

ನನಗೆ ಜಾಸ್ತಿ ಸಿಟ್ಟು ಬರುವುದು ಈ ಮೂಗು ಮುರಿಯುವ ಚಟದ ಮೇಲೆ. ನಮ್ಮ ಬಳ್ಳಾರಿಯ ರಂಗನಟಿ ಸುಭದ್ರಮ್ಮ ಮನ್ಸೂರು ‘ರಕ್ತರಾತ್ರಿ’ ನಾಟಕದ ದ್ರೌಪದಿಯಾಗಿ ನಿಂತರೆ ಜನ ಅಲ್ಲಾಡುತ್ತಿರಲಿಲ್ಲ. ಓದಿದವರು ಮಾತ್ರ ‘ಅದು ಕಂಪನಿ ನಾಟಕ’ ಎಂದು ಬದಿಗೆ ಸರಿಸಿದರು. 2020ರಲ್ಲಿ ಅವರು ತೀರಿಕೊಂಡರು. ಮರುವರ್ಷ ಸಿನಿಮಾ ನಟಿ ಜಯಂತಿ ಹೋದರು. ‘ಅಭಿನಯ ಶಾರದೆ’ ಎನಿಸಿದ ಅವರು ಹುಟ್ಟಿದ್ದು ಇದೇ ಬಳ್ಳಾರಿಯಲ್ಲಿ ಎಂದು ನಮ್ಮ ಎಷ್ಟು ಕಾಲೇಜು ಹುಡುಗರಿಗೆ ಗೊತ್ತು? ಗಂಡಸರಲ್ಲಿ ರಂಗನಟ ಬಳ್ಳಾರಿ ರಾಘವರ ಹೆಸರಿಗೆ ಕಲಾಮಂದಿರವಾದರೂ ಇದೆ. ಜಾತ್ರೆಯಿಂದ ಜಾತ್ರೆಗೆ ಡೇರೆ ಹೊತ್ತು ತಿರುಗಿದ ನಟಿಯರ ಹೆಸರು ಯಾರೂ ಬರೆದಿಡಲಿಲ್ಲ. ನಿಮ್ಮಂಥ ಮಾಸ್ತರರು ಬರೆಯಬಹುದಿತ್ತು. ಅಕ್ಷರ ಮುತ್ತಿನಂತಿದೆ, ನೆನಪೂ ಚೆನ್ನಾಗಿದೆ.

ಸಿಂಧನೂರಿಗೆ ಬಂದುಹೋದ ಕಂಪನಿಗಳ ನಟಿಯರ ಬಗ್ಗೆ ಬರೆದು ಕಳಿಸಿ, ಪುಟ ಕಾದಿರಿಸುತ್ತೇನೆ. ಧಾರಾವಾಹಿಯನ್ನೂ ಬೈಯಿರಿ, ಬೇಡ ಅನ್ನಲ್ಲ. ಒಂದು ವಾರ ಮನೆಯವರ ಪಕ್ಕ ಕೂತು ನೋಡಿ ಬೈಯಿರಿ.